ವಾರಕ್ಕೊಂದು ತಾಸು: ಸರ್ಕಾರಿ ಶಾಲೆಯ ತರಗತಿಯಲ್ಲಿ ಪಾಲಕರು ನೆರವಾಗುವ ಬಗೆ

ಹುಬ್ಬಳ್ಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಇಬ್ಬರು ಮಕ್ಕಳು ಓದಿದರು. ಅವರು ಅಲ್ಲಿದ್ದ ವರ್ಷಗಳಲ್ಲಿ ನಾನು ಪ್ರತಿ ಬುಧವಾರ ಮುಂಜಾನೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟು ಶಾಲೆಗೆ ಹೋಗಿ, ಹನ್ನೊಂದರಿಂದ ಹನ್ನೆರಡರವರೆಗೆ ಒಂದು ತಾಸು ಸಣ್ಣ ಮಕ್ಕಳ ಓದು ಕೇಳಿ ಬರುತ್ತಿದ್ದೆ. ನಾನು ಶಿಕ್ಷಕಿಯಲ್ಲ, ಪಿಯುಸಿಯವರೆಗೆ ಓದಿದವಳು. ಆದರೂ ಆ ಒಂದು ತಾಸಿನಿಂದ ತರಗತಿಗೆ ಉಪಯೋಗವಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಸರಿಯಾಗಿ ಮಾಡದಿದ್ದರೆ ಅದೇ ತಾಸು ಶಿಕ್ಷಕರಿಗೆ ಹೊರೆಯಾಗುವುದನ್ನೂ ಕಂಡಿದ್ದೇನೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ತಮ್ಮ ಮಕ್ಕಳ ಶಾಲೆಗೆ ಏನಾದರೂ ಮಾಡಬೇಕೆಂದುಕೊಂಡು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ನಿಂತಿರುವ ಪಾಲಕರಿಗಾಗಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕೊರತೆ ಯಾವುದು ಎಂದು ಮೊದಲು ತಿಳಿಯಿರಿ

ಶಿಕ್ಷಕರ ಸಂಬಳ, ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಇವೆಲ್ಲ ಬೇರೆ ಬೇರೆ ಲೆಕ್ಕದಲ್ಲಿ ಸರ್ಕಾರದಿಂದ ಬರುತ್ತವೆ. ಸೀಮೆಸುಣ್ಣ, ರಿಜಿಸ್ಟರು, ಸಣ್ಣಪುಟ್ಟ ದುರಸ್ತಿ, ಕಲಿಕಾ ಸಾಮಗ್ರಿ, ಶೌಚಾಲಯದ ಸ್ವಚ್ಛತೆ ಮೊದಲಾದ ದಿನನಿತ್ಯದ ಖರ್ಚಿಗೆ ಮುಖ್ಯ ಆಧಾರವೆಂದರೆ 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ಯೋಜನೆಯ ಮಾನದಂಡದಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100 ಮಕ್ಕಳವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000 ರೂಪಾಯಿ ಎಂದು ನಿಗದಿಯಾಗಿದೆ. ಇದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. 90 ಮಕ್ಕಳಿರುವ ಒಂದು ಹಳ್ಳಿಯ ಶಾಲೆಯನ್ನು ಲೆಕ್ಕಕ್ಕೆ ಹಿಡಿದರೆ ಮಗುವೊಂದಕ್ಕೆ ವರ್ಷಕ್ಕೆ ಸುಮಾರು 278 ರೂಪಾಯಿ ಆಗುತ್ತದೆ. ಈ ಹಣದಲ್ಲಿ ಮುಖ್ಯ ಶಿಕ್ಷಕರು ಎಷ್ಟು ಹಿಡಿದು ಖರ್ಚು ಮಾಡಬೇಕಾಗುತ್ತದೆ ಎಂಬುದು, ಮನೆಯ ಕಿರಾಣಿ ಸಾಮಾನು ತರುವ ಯಾರಿಗೂ ವಿವರಿಸದೆ ಅರ್ಥವಾಗುತ್ತದೆ.

ಆದರೆ ಹಣಕ್ಕಿಂತ ಹೆಚ್ಚು ಕಾಡುವ ಕೊರತೆ ಕೈಗಳದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90 ಮಕ್ಕಳಿಗೆ ಮೂವರು, 120ರವರೆಗೆ ನಾಲ್ವರು ಇರಬೇಕು. ಎಲ್ಲ ಹುದ್ದೆಗಳೂ ಭರ್ತಿಯಾಗಿದ್ದರೂ 50 ಮಕ್ಕಳ ಶಾಲೆಯಲ್ಲಿ ಐದು ತರಗತಿಗಳನ್ನು ಇಬ್ಬರೇ ನಡೆಸಬೇಕು. ಅವರಲ್ಲಿ ಒಬ್ಬರು ಒಂದು ದಿನ ತರಬೇತಿಗೋ ಸಭೆಗೋ ಹೋದರೆ ಉಳಿದವರು ಒಬ್ಬರೇ. ಅಂಥ ಕೋಣೆಯಲ್ಲಿ ಒಬ್ಬ ಶಿಕ್ಷಕಿ ಮೂವತ್ತು ಮಕ್ಕಳ ಓದನ್ನು ಒಂದೊಂದಾಗಿ ಕೇಳುವುದು ಹೇಗೆ ಸಾಧ್ಯ? ಪಾಲಕರ ಒಂದು ತಾಸು ಸೇರಬೇಕಾದುದು ಇಲ್ಲಿಯೇ.

ಇದರ ಜೊತೆಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಾವು ಹೋಗುವುದು ಶಿಕ್ಷಕರಿಗೆ ನೆರವಾಗಲು, ಶಿಕ್ಷಕರ ಜಾಗ ತುಂಬಲು ಅಲ್ಲ. ಹುದ್ದೆ ಖಾಲಿಯಿದ್ದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಬರೆಸಿ, ಹತ್ತಿರದ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರ ಗಮನಕ್ಕೆ ತಂದು, ಅತಿಥಿ ಶಿಕ್ಷಕರನ್ನು ಕೊಡುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಕೊಡುವುದು ಪಾಲಕರ ಹಕ್ಕೂ ಹೌದು, ಕರ್ತವ್ಯವೂ ಹೌದು. 'ಹೇಗೂ ತಾಯಂದಿರು ಬಂದು ನೋಡಿಕೊಳ್ಳುತ್ತಾರೆ' ಎಂದು ಯಾರಾದರೂ ಅಂದರೆ ಒಪ್ಪಬಾರದು. ಹಾಗೆಯೇ ನೆರವು ಎಂದರೆ ವಂತಿಗೆ ಎಂದು ತಿಳಿಯಬೇಕಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳ ಪಾಲಕರಿಂದ ಸ್ವಇಚ್ಛೆಯ ದೇಣಿಗೆಯಾಗಿ ತಿಂಗಳಿಗೆ 100 ರೂಪಾಯಿ ಪಡೆಯಲು ಅವಕಾಶ ಕೊಟ್ಟಿದ್ದ ಸುತ್ತೋಲೆಯನ್ನು, ವಿರೋಧ ಬಂದ ಮೇಲೆ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಲಾಯಿತು. ಕೂಲಿಯ ಮೇಲೆ ಬದುಕುವ ಮನೆಗಳಿಗೆ ನೂರು ರೂಪಾಯಿ ಸಣ್ಣದಲ್ಲ. ಹಣ ಕೊಡಲಾಗದವರು ಶಾಲೆಯ ಅಂಗಳಕ್ಕೆ ಬರಲು ಸಂಕೋಚಪಡುವಂತಾದರೆ, ತರಗತಿಗೆ ಬೇಕಾದ ಜನರನ್ನೇ ನಾವು ಕಳೆದುಕೊಳ್ಳುತ್ತೇವೆ.

ಕೇಳುವ ಕ್ರಮ

ಮೊದಲು ತರಗತಿ ಶಿಕ್ಷಕರನ್ನು, ಆಮೇಲೆ ಮುಖ್ಯ ಶಿಕ್ಷಕರನ್ನು ಕಾಣಿರಿ. ಶಾಲೆ ಆರಂಭವಾಗುವ ಗದ್ದಲದಲ್ಲಿ ಬೇಡ. ಮಧ್ಯಾಹ್ನ ಊಟವಾದ ಮೇಲೆ ಅಥವಾ ಸಂಜೆ ಗಂಟೆ ಹೊಡೆದ ನಂತರ ಹೋಗುವುದು ಒಳ್ಳೆಯದು. "ಅಕ್ಕೋರ, ನನಗ ವಾರಕ್ಕ ಒಂದ ತಾಸು ಬಿಡುವೈತ್ರಿ. ನೀವು ಯಾವ ಮಕ್ಕಳ ಓದು ಕೇಳು ಅಂತೀರಿ, ಅವರದ ಕೇಳ್ತೀನ್ರಿ" ಎಂದರೆ ಸಾಕು. 'ನಾನು ಬಂದು ಪಾಠ ಮಾಡುತ್ತೇನೆ' ಎನ್ನಬೇಡಿ. ಹಾಗೆಂದ ಕೂಡಲೇ ಶಿಕ್ಷಕರಿಗೆ ತಮ್ಮ ಕೆಲಸದ ಮೇಲೆ ಯಾರೋ ಕಣ್ಣಿಡಲು ಬಂದಿದ್ದಾರೆ ಎನ್ನಿಸುತ್ತದೆ, ಮತ್ತು ಅವರಿಗೆ ಹಾಗನ್ನಿಸುವುದು ತಪ್ಪೇನೂ ಅಲ್ಲ. ನಮ್ಮ ಭಾಗದಲ್ಲಿ ಪಾಲಕರು ಶಾಲೆಯ ಒಳಗೆ ಬಂದು ಕೂರುವುದು ಹೆಚ್ಚಾಗಿ ಜಗಳಕ್ಕೆ ಇಲ್ಲವೇ ಸನ್ಮಾನಕ್ಕೆ. ಮೂರನೆಯ ಕಾರಣವೊಂದು ಇದೆ ಎಂದು ನಂಬಿಸಲು ಸ್ವಲ್ಪ ಸಮಯ ಬೇಕಾಗುತ್ತದೆ.

ಮುಖ್ಯ ಶಿಕ್ಷಕರು ಒಪ್ಪಿದ ಮೇಲೆ ವಿಷಯವನ್ನು ಎಸ್‌ಡಿಎಂಸಿ ಸಭೆಗೆ ತನ್ನಿರಿ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದ ಇವೆ. ಆಮೇಲೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. 22ನೆಯ ಕಲಮು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಆ ಸಮಿತಿಗೆ ಕೊಡುತ್ತದೆ. ಆದ್ದರಿಂದ ತರಗತಿಯ ನೆರವು ಆ ಯೋಜನೆಯ ಭಾಗವಾಗಿ ಬರಹದಲ್ಲಿರಬೇಕು. ಬಾಯಿಮಾತಿನ ಒಪ್ಪಿಗೆ ಮುಖ್ಯ ಶಿಕ್ಷಕರ ವರ್ಗಾವಣೆಯೊಂದಿಗೆ ಮುಗಿದುಹೋಗುತ್ತದೆ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದುದು 1905ರಲ್ಲಿ ಹುಟ್ಟಿದ್ದು ಗದಗ ಹತ್ತಿರದ ಕಣಗಿನಹಾಳದಲ್ಲಿ. ಸಭೆ ಸೇರಿ ಠರಾವು ಬರೆದು ದಫ್ತರ ಇಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಠರಾವಿನ ಮಾದರಿ ಹೀಗಿರಬಹುದು:

"ಈ ಶಾಲೆಯ 2 ಮತ್ತು 3ನೆಯ ತರಗತಿಯ ಮಕ್ಕಳ ಓದುವ ಅಭ್ಯಾಸಕ್ಕೆ ನೆರವಾಗಲು, ಪಟ್ಟಿಯಲ್ಲಿ ಹೆಸರಿಸಿದ ಪಾಲಕರು ವಾರಕ್ಕೆ ಒಂದು ತಾಸು, ನಿಗದಿಪಡಿಸಿದ ದಿನದಂದು, ತರಗತಿ ಶಿಕ್ಷಕರ ಸಮ್ಮುಖದಲ್ಲಿ ಮತ್ತು ಅವರ ಸೂಚನೆಯಂತೆ ಯಾವುದೇ ಸಂಭಾವನೆಯಿಲ್ಲದೆ ಕೆಲಸ ಮಾಡಲು ಸಭೆಯು ಒಪ್ಪಿಗೆ ನೀಡಿದೆ. ಪಾಲಕರು ಪ್ರತಿ ಸಲ ಸಂದರ್ಶಕರ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಮೂರು ತಿಂಗಳ ನಂತರ ಈ ವ್ಯವಸ್ಥೆಯನ್ನು ಸಭೆಯು ಪರಿಶೀಲಿಸತಕ್ಕದ್ದು."

'ಶಿಕ್ಷಕರ ಸಮ್ಮುಖದಲ್ಲಿ' ಎಂಬ ಎರಡು ಪದಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. ಅವು ಮಕ್ಕಳನ್ನೂ ಕಾಯುತ್ತವೆ, ನಿಮ್ಮನ್ನೂ ಕಾಯುತ್ತವೆ.

ಮೊದಲ ಎರಡು ವಾರ ಸುಮ್ಮನೆ ನೋಡಿ

ನಾನು ಮೊದಲ ದಿನವೇ ಮಾಡಿದ ತಪ್ಪನ್ನು ಹೇಳುತ್ತೇನೆ. ಒಂದನೆಯ ತರಗತಿಯ ಮಕ್ಕಳ ಮುಂದೆ ಕೂತು 'ಅ ಆ ಇ ಈ' ಎಂದು ಹೇಳಿಕೊಡಲು ತೊಡಗಿದೆ. ಮಕ್ಕಳು ತಬ್ಬಿಬ್ಬಾಗಿ ಅಕ್ಕೋರ ಮುಖ ನೋಡಿದರು. ನಮ್ಮ ಕಾಲದ ಅಂಕಲಿಪಿಯ ಕ್ರಮವನ್ನು, ಗುಂಪು ಮತ್ತು ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಅನುಸರಿಸುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಈ ಪದ್ಧತಿಯಲ್ಲಿ ಅಕ್ಷರಗಳು 'ರ, ಗ, ಸ, ದ, ಅ' ಎಂಬ ಗುಂಪಿನಿಂದ ಮೊದಲಾಗುತ್ತವೆ. ಬರೆಯಲು ಸುಲಭವಾದ, ತಿರುವುಗಳಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳನ್ನು ಮೊದಲು ಕಲಿತ ಮಗು ಆ ಐದರಿಂದಲೇ 'ಸರ', 'ಗರಗಸ', 'ಅರಸ' ಎಂದು ಪದಗಳನ್ನು ಓದತೊಡಗುತ್ತದೆ. ವರ್ಣಮಾಲೆ ಪೂರ್ತಿಯಾಗುವವರೆಗೆ ಕಾಯದೆ ಮೊದಲ ವಾರಗಳಲ್ಲಿಯೇ ಮಗುವಿಗೆ 'ನಾನು ಓದಬಲ್ಲೆ' ಎನಿಸುವುದು ಎಷ್ಟು ದೊಡ್ಡದು ಎಂಬುದು ನನಗೆ ಆಮೇಲೆ ತಿಳಿಯಿತು.

ಆದ್ದರಿಂದ ಮೊದಲ ಎರಡು ವಾರ ಗೋಡೆಯ ಪಕ್ಕದಲ್ಲಿ ಕೂತು ನೋಡುವುದನ್ನೇ ಕೆಲಸವೆಂದು ತಿಳಿಯಿರಿ. ನಲಿ-ಕಲಿ ಕೋಣೆಯಲ್ಲಿ ಮಕ್ಕಳು ತರಗತಿಯ ಪ್ರಕಾರ ಸಾಲಾಗಿ ಕೂರುವುದಿಲ್ಲ. ತಮ್ಮ ಕಲಿಕೆಯ ಮಟ್ಟದ ಪ್ರಕಾರ 'ತಟ್ಟೆ'ಗಳಲ್ಲಿ, ಅಂದರೆ ಗುಂಪುಗಳಲ್ಲಿ ಕೂರುತ್ತಾರೆ. ಕೆಲವು ತಟ್ಟೆಗಳಿಗೆ ಶಿಕ್ಷಕರ ನೆರವು ಪೂರ್ತಿಯಾಗಿ ಬೇಕು, ಕೆಲವಕ್ಕೆ ಸಹಪಾಠಿಗಳ ನೆರವು ಸಾಕು, ಇನ್ನೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಮೆಟ್ಟಿಲುಗಳನ್ನು ಕ್ರಮವಾಗಿ ತೋರಿಸುವ ಪಟದಲ್ಲಿ, ಯಾವ ಚಿತ್ರದ ಗುರುತಿದೆಯೋ ಆ ಗುರುತಿನ ಕಾರ್ಡನ್ನು ಮಗುವೇ ತೆಗೆದುಕೊಂಡು ಬರುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಗದ್ದಲದಂತೆ ಕಾಣುತ್ತದೆ. 'ಎಲ್ಲರೂ ಸುಮ್ಮಕ ಕೂಡ್ರಿ' ಎಂದು ನೀವು ಗದರಿದರೆ ಒಂದು ತರಗತಿಯ ಒಂದಿಡೀ ಮುಂಜಾನೆ ಹಾಳಾಗುತ್ತದೆ. ಯಾವ ಮಗು ಯಾವ ತಟ್ಟೆಯಲ್ಲಿದೆ, ಯಾವ ಮಗು ಕಾರ್ಡು ಹಿಡಿದುಕೊಂಡು ಅಕ್ಕೋರ ಸರದಿಗಾಗಿ ಬಹಳ ಹೊತ್ತು ಕಾಯುತ್ತದೆ ಎಂಬುದನ್ನು ಗಮನಿಸಿ. ಆ ಕಾಯುವ ಮಗುವೇ ನಿಮ್ಮ ಕೆಲಸ.

ಮೊದಮೊದಲು ಶಿಕ್ಷಕರು ನಿಮಗೆ ಕಾರ್ಡುಗಳನ್ನು ಜೋಡಿಸುವುದು, ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ಮಕ್ಕಳು ಬರೆದ ಚಿತ್ರಗಳನ್ನು ಕೋಣೆಯಲ್ಲಿ ಮೇಲೆ ಕಟ್ಟಿದ ದಾರಗಳ ಚಪ್ಪರಕ್ಕೆ ತೂಗುಹಾಕುವುದು, ಹತ್ತು ಹತ್ತು ಕಡ್ಡಿಗಳ ಕಟ್ಟು ಮಾಡುವುದು ಇಂಥವನ್ನು ಕೊಡಬಹುದು. ಇವನ್ನು ಸಣ್ಣ ಕೆಲಸವೆಂದು ತಿಳಿಯದೆ ಮಾಡಿ. ಆ ಅರ್ಧ ತಾಸು ಶಿಕ್ಷಕರ ಕೈಗೆ ಮರಳಿ ಸಿಕ್ಕರೆ ಅದು ನೇರವಾಗಿ ಮಕ್ಕಳಿಗೇ ಸಿಗುತ್ತದೆ.

ಓದು ಕೇಳುವುದು

ಪಾಲಕರು ಮಾಡಬಹುದಾದ ಎಲ್ಲ ಕೆಲಸಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲೆಯ ಗೋಡೆಗೆ ಬಣ್ಣ ಹಚ್ಚುವುದಕ್ಕಿಂತ, ಆಗಸ್ಟ್ 15ಕ್ಕೆ ಸಿಹಿ ಹಂಚುವುದಕ್ಕಿಂತ, ವರ್ಷಕ್ಕೊಮ್ಮೆ ನೋಟ್‌ಬುಕ್ ಕೊಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ, ಒಂದು ಮಗು ಹತ್ತು ನಿಮಿಷ ಗಟ್ಟಿಯಾಗಿ ಓದುವಾಗ ಒಬ್ಬ ದೊಡ್ಡವರು ಬೇರೆ ಯಾವ ಕೆಲಸವನ್ನೂ ಮಾಡದೆ ಕೇಳಿಸಿಕೊಳ್ಳುವುದು ಮಿಗಿಲು. ಎಷ್ಟೋ ಮಕ್ಕಳಿಗೆ ಅಂಥ ಹತ್ತು ನಿಮಿಷ ಮನೆಯಲ್ಲಿಯೂ ಸಿಗುವುದಿಲ್ಲ, ಶಾಲೆಯಲ್ಲಿಯೂ ಸಿಗುವುದಿಲ್ಲ.

ಒಂದು ತಾಸಿಗೆ ಐದು ಮಕ್ಕಳಿಗಿಂತ ಹೆಚ್ಚು ಬೇಡ. ಯಾರು ಎಂಬುದನ್ನು ಶಿಕ್ಷಕರೇ ಹೇಳಲಿ. ಕೋಣೆಯ ಒಂದು ಮೂಲೆಯಲ್ಲಿ ಅಥವಾ ಬಾಗಿಲ ಹೊರಗಿನ ಪಡಸಾಲೆಯಲ್ಲಿ, ಶಿಕ್ಷಕರಿಗೆ ಕಾಣುವಂತೆ, ಮಗುವಿನ ಎದುರಿಗಲ್ಲ ಪಕ್ಕದಲ್ಲಿ, ನೆಲದ ಮೇಲೆ ಕೂಡಿರಿ. ಪುಸ್ತಕ ಮಗುವಿನ ಕೈಯಲ್ಲಿರಬೇಕು. ಓದುವ ಪದದ ಕೆಳಗೆ ಬೆರಳಿಡುವುದು ಕೂಡ ಮಗುವೇ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಕಡೆ ಮಗು ಎಡವಿದರೆ ಪುಸ್ತಕ ಕಠಿಣವಾಯಿತೆಂದು ತಿಳಿದು, ಸಂಕೋಚವಾಗದಂತೆ ಇನ್ನೊಂದನ್ನು ಆರಿಸಿಕೊಳ್ಳಿ. ಶಾಲೆಯ ಗ್ರಂಥಾಲಯದ ಪುಸ್ತಕಗಳು ಬಹಳ ಕಡೆ ಕಪಾಟಿನಲ್ಲಿ ಬೀಗ ಹಾಕಿಕೊಂಡಿರುತ್ತವೆ. ಹರಿದುಹೋದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯ ಅದಕ್ಕೆ ಕಾರಣ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ವಹಿಯನ್ನು ಬರೆಯುವ ಹೊಣೆಯನ್ನು ಇಬ್ಬರು ಪಾಲಕರು ಹೊತ್ತುಕೊಂಡರೆ ಆ ಬೀಗ ತೆರೆಯುತ್ತದೆ.

ಮಗು ಒಂದು ಪದದ ಮುಂದೆ ನಿಂತಾಗ ಕೂಡಲೇ ಹೇಳಿಕೊಡಬೇಡಿ. ಮನಸ್ಸಿನಲ್ಲಿ ಒಂದರಿಂದ ಐದರವರೆಗೆ ಎಣಿಸಿ. ಆ ಐದು ಎಣಿಕೆಯ ಮೌನ ಬಹಳ ದೀರ್ಘವೆನಿಸುತ್ತದೆ, ಆದರೆ ಮಗು ಪದವನ್ನು ಬಿಡಿಸಿಕೊಳ್ಳುವುದು ಅಲ್ಲಿಯೇ. ಆಮೇಲೂ ಬಾರದಿದ್ದರೆ ಮೊದಲ ಅಕ್ಷರವನ್ನು ಮಾತ್ರ ಹೇಳಿ. ಅದರಿಂದಲೂ ಆಗದಿದ್ದರೆ ಪೂರ್ತಿ ಪದವನ್ನು ಹೇಳಿ ಮುಂದಕ್ಕೆ ಹೋಗಲು ಬಿಡಿ. ಓದು ಮುಗಿದ ಮೇಲೆ ಕತೆಯ ಬಗ್ಗೆ ಒಂದೋ ಎರಡೋ ಮಾತು ಕೇಳಿ. 'ಆ ಮುದುಕಿ ಯಾಕ ಹಂಗ ಮಾಡಿದ್ಲು?' ಎಂಬಂಥ ಪ್ರಶ್ನೆ, ಉತ್ತರ ಪುಸ್ತಕದ ಒಂದೇ ಸಾಲಿನಲ್ಲಿ ಸಿಗದಂಥದ್ದು.

ಕನ್ನಡ ಓದುವ ಮಕ್ಕಳು ಹೆಚ್ಚಾಗಿ ಎಡವುವುದು ಒತ್ತಕ್ಷರಗಳಲ್ಲಿ, ಮತ್ತು ಅದಕ್ಕೆ ಕಾರಣವಿದೆ. 'ಅಕ್ಕ', 'ಅಪ್ಪ', 'ರೊಟ್ಟಿ' ಇವುಗಳಲ್ಲಿ ಕೆಳಗಿನ ಒತ್ತು ಮೂಲ ಅಕ್ಷರದಂತೆಯೇ ಕಾಣುವುದರಿಂದ ಮಗು ಗುರುತು ಹಿಡಿಯುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರು ಅಕ್ಷರಗಳ ಒತ್ತಿಗೆ ಬೇರೆಯೇ ರೂಪವಿದೆ. ಅದನ್ನು ಯಾರಾದರೂ ತೋರಿಸಿಯೇ ಕಲಿಸಬೇಕು. ನಾನು ಒಂದು ರಟ್ಟಿನ ಮೇಲೆ ಮನೆಯ ಆರು ಪದಗಳನ್ನು ಬರೆದಿಟ್ಟುಕೊಂಡಿದ್ದೆ: ಹತ್ತಿ, ಅನ್ನ, ಎಮ್ಮೆ, ಪಲ್ಯ, ಚಕ್ರ, ಹಲ್ಲು. ಮಗು ಕತೆಯಲ್ಲಿ 'ಮುತ್ತು' ಎಂಬಲ್ಲಿ ನಿಂತರೆ ರಟ್ಟಿನ 'ಹತ್ತಿ'ಯನ್ನು ತೋರಿಸುತ್ತಿದ್ದೆ, ಅಷ್ಟೆ. ಹತ್ತಿ ಬಿಡಿಸಲು ತಾಯಿಯ ಜೊತೆ ಹೊಲಕ್ಕೆ ಹೋಗಿ ಬಂದ ಮಗು ಆ ಪದವನ್ನು ಮರೆಯುವುದಿಲ್ಲ.

ಮನೆಯ ಮಾತು, ಪುಸ್ತಕದ ಮಾತು

ಒಂದು ಸಲ ಒಬ್ಬ ಹುಡುಗಿ 'ಅಜ್ಜಿ ಮನೆಗೆ ಹೋದಳು' ಎಂಬ ಸಾಲನ್ನು 'ಆಯಿ ಮನಿಗೆ ಹೋದ್ಲು' ಎಂದು ಓದಿದಳು. ನಾನು ತಡೆದು, ಸರಿಯಾಗಿ ಓದು ಎಂದು ಮೂರು ಸಲ ಹೇಳಿಸಿದೆ. ಆಮೇಲೆ ಎರಡು ವಾರ ಅವಳು ನನ್ನ ಹತ್ತಿರ ಬರಲಿಲ್ಲ. ತರಗತಿಯ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದು, "ಆಕಿ ಅರ್ಥ ತಿಳಕೊಂಡು ಓದ್ಯಾಳ್ರಿ, ಅದಕ್ಕ 'ಆಯಿ' ಅಂದಾಳ. ಅಕ್ಷರ ಅಷ್ಟ ನೋಡಿ ಓದಿದ್ರ ಹಂಗ ಬರ್ತಿದ್ದಿಲ್ಲ" ಎಂದರು. ಆ ಮಾತನ್ನು ನಾನು ಇಂದಿಗೂ ನೆನೆಯುತ್ತೇನೆ. ನಮ್ಮ ಮಕ್ಕಳು 'ಮನಿ', 'ಸಾಲಿ', 'ಬರಾಕತ್ತೇನಿ' ಎನ್ನುವುದು ತಪ್ಪಲ್ಲ. ಪುಸ್ತಕದ 'ಮನೆ', 'ಶಾಲೆ', 'ಬರುತ್ತಿದ್ದೇನೆ' ಅವರಿಗೆ ಎರಡನೆಯ ಕನ್ನಡ. ಮಗು ಮನೆಯ ಮಾತಿನಲ್ಲಿ ಓದಿದರೆ ವಾಕ್ಯ ಮುಗಿಯುವವರೆಗೆ ಬಿಡಿ. ಆಮೇಲೆ 'ಇಲ್ಲಿ ಪುಸ್ತಕದಾಗ ಹೆಂಗ ಬರದಾರ, ನೋಡು' ಎಂದು ಬೆರಳಿಡಿಸಿ. ಅರ್ಥವೇ ಕೆಡುವಂತೆ ತಪ್ಪು ಓದಿದ್ದರೆ ಮಾತ್ರ ವಾಕ್ಯವನ್ನು ಮತ್ತೆ ಓದಿಸಿ. ಬರವಣಿಗೆಯ ತಿದ್ದುಪಡಿಯನ್ನು ಪೂರ್ತಿಯಾಗಿ ಶಿಕ್ಷಕರಿಗೇ ಬಿಡಿ.

ಮನೆಮಾತು ಕನ್ನಡವೇ ಅಲ್ಲದ ಮಕ್ಕಳ ವಿಷಯದಲ್ಲಿ ಪಾಲಕರು ಇನ್ನೂ ಹೆಚ್ಚಿನದನ್ನು ಮಾಡಬಹುದು. ಗದಗ, ಹಾವೇರಿ ಜಿಲ್ಲೆಗಳ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು, ಹಳೇ ಹುಬ್ಬಳ್ಳಿಯಂಥ ಕಡೆ ಮನೆಯಲ್ಲಿ ಉರ್ದು ಆಡುವ ಮಕ್ಕಳು ಒಂದನೆಯ ತರಗತಿಗೆ ಬಂದಾಗ ಅಕ್ಕೋರ ಮಾತು ಅರ್ಧದಷ್ಟೂ ತಿಳಿಯದೆ ಕೂತಿರುತ್ತಾರೆ. ಆ ಮಾತು ಬಲ್ಲ ತಾಯಿಯೊಬ್ಬಳು ಜೂನ್, ಜುಲೈ ತಿಂಗಳುಗಳಲ್ಲಿ ವಾರಕ್ಕೆರಡು ದಿನ ಬಂದು ಪಕ್ಕದಲ್ಲಿ ಕೂತು, ಕಾರ್ಡಿನಲ್ಲಿರುವ ಚಿತ್ರವನ್ನು ಮೊದಲು ಮನೆಯ ಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರೆ ಆ ಮಗುವಿನ ವರ್ಷವೇ ಬದಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಮುಂಬಯಿ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಮರಾಠಿಯ ಪ್ರಾಬಲ್ಯವಿದ್ದಾಗ, ಶಿಕ್ಷಣಾಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು ಮಗು ತನ್ನ ಮಾತಿನಲ್ಲಿ ಕಲಿಯಲಿ ಎಂದೇ. ತಾಂಡಾದ ಮಗುವಿಗೆ ನಾವು ಅಷ್ಟು ಮಾಡದಿದ್ದರೆ ಹೇಗೆ?

ಓದು ಬಾರದ ಪಾಲಕರು

'ನನಗ ಓದಾಕ ಬರೂದಿಲ್ರಿ, ನಾ ಬಂದು ಏನ್ ಮಾಡ್ಲಿ?' ಎಂದು ಹೇಳಿದ ತಾಯಂದಿರು ಬಹಳ. ಅವರಿಗೆ ನಾನು ಹೇಳುವುದಿಷ್ಟೇ: ಕೇಳಲು ಅಕ್ಷರ ಬೇಕಾಗಿಲ್ಲ. ಎರಡು ಮಕ್ಕಳನ್ನು ಕೂರಿಸಿಕೊಂಡು ಒಂದು ಮಗು ಓದುವಾಗ ಇನ್ನೊಂದು ಬೆರಳಿಡಲಿ. ಓದು ತಪ್ಪಿದರೆ ಜೊತೆಯ ಮಗು ಹೇಳುತ್ತದೆ. ತಾಯಿ ಕತೆಯನ್ನು ಕೇಳಿ, 'ಮುಂದೇನಾತು, ಮೊದಲಿಂದ ಹೇಳು' ಎನ್ನಲಿ. ತಿಳಿಯದವರಿಗೆ ತಿಳಿಸಿ ಹೇಳುವ ಅವಕಾಶ ಸಿಕ್ಕಾಗ ಮಕ್ಕಳ ಮಾತು ಅರಳುವ ರೀತಿಯನ್ನು ನೋಡಿಯೇ ನಂಬಬೇಕು. ಒಡಪು, ಬೀಸುವ ಪದ, ಹಂತಿ ಪದ, ಊರಿನ ಗುಡಿಯ ಕತೆ ಇವನ್ನು ಅಜ್ಜಿಯರು ಹೇಳಲಿ, ಮೇಲಿನ ತರಗತಿಯ ಮಕ್ಕಳು ಅದನ್ನು ಬರೆದುಕೊಳ್ಳಲಿ. ಹಾಗೆ ಬರೆದ ಎರಡು ಪುಟಗಳನ್ನು ಶಿಕ್ಷಕರು ತಿದ್ದಿ, ಹೊಲಿದು ಗ್ರಂಥಾಲಯಕ್ಕೆ ಸೇರಿಸಿದರೆ ಖರ್ಚಿಲ್ಲದೆ ಹೊಸ ಪುಸ್ತಕವಾಗುತ್ತದೆ.

ಕೈಕೆಲಸ ಬಲ್ಲವರು ಗಣಿತಕ್ಕೆ ನೆರವಾಗಬಹುದು, ಇದನ್ನು ನಾನು ಕಸೂತಿಯಿಂದ ಕಲಿತೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳದೆ ಎಳೆಗಳನ್ನು ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ ಸೂಜಿ ಒಂದು ಸಲ ಹೋಗುವಾಗ ಬಿಟ್ಟ ಖಾಲಿಯನ್ನು ಮರಳಿ ಬರುವಾಗ ತುಂಬುತ್ತದೆ, ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಐದನೆಯ ತರಗತಿಯ ಮಕ್ಕಳಿಗೆ ಚೌಕುಳಿ ಹಾಳೆಯ ಮೇಲೆ ಒಂದು ಗೋಪುರದ ಅರ್ಧವನ್ನಷ್ಟೇ ಬರೆದುಕೊಟ್ಟು, ಉಳಿದರ್ಧವನ್ನು ಚೌಕಗಳನ್ನು ಎಣಿಸಿ ಪೂರ್ತಿ ಮಾಡಲು ಹೇಳಿದಾಗ, ಸಮಮಿತಿ ಎಂಬ ಪಾಠವನ್ನು ಅವರು ಕೈಯಿಂದ ಕಲಿತರು. ಬೆಟಗೇರಿಯ ನೇಕಾರರು ಹಾಸು ಎಳೆಗಳ ಲೆಕ್ಕದಿಂದ ಗುಣಾಕಾರವನ್ನೂ, ಸಂತೆಯ ವ್ಯಾಪಾರಿಗಳು ತಕ್ಕಡಿಯಿಂದ ಕಿಲೋ-ಗ್ರಾಂಗಳನ್ನೂ ತೋರಿಸಬಹುದು. ಇಂಥ ಕೆಲಸಕ್ಕೆ ಬ್ಯಾಗ್ ಇಲ್ಲದೆ ಬರುವ ಶನಿವಾರಗಳು ಅನುಕೂಲ. ಆದರೆ ಯಾವ ಪಾಠಕ್ಕೆ, ಯಾವ ವಾರ ಎಂಬುದನ್ನು ಶಿಕ್ಷಕರೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಪಾಠಕ್ಕೆ ಸೇರದ ಪ್ರದರ್ಶನ ಒಂದು ದಿನದ ಸಂತೋಷವಷ್ಟೇ ಆಗುತ್ತದೆ.

ಮೀರಬಾರದ ಗೆರೆಗಳು

ಮಗುವನ್ನು ಹೊಡೆಯುವುದು, ಅವಮಾನವಾಗುವಂತೆ ಬೈಯುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮಿನಂತೆ ನಿಷಿದ್ಧ. 'ನನ್ನ ಮಗನಿದ್ದಂಗ ಅಂತ ಒಂದೇಟು ಕೊಟ್ಟೆ' ಎಂಬ ಸಮಜಾಯಿಷಿ ನಡೆಯುವುದಿಲ್ಲ. ಯಾವ ಮಗುವಿನೊಂದಿಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ, ಯಾವ ಮಗುವನ್ನೂ ಶೌಚಾಲಯಕ್ಕೆ ಒಬ್ಬರೇ ಕರೆದೊಯ್ಯಬೇಡಿ, ಶಾಲೆಗೆ ತಿಳಿಸದೆ ಗಾಡಿಯ ಮೇಲೆ ಮನೆಗೆ ಬಿಡಬೇಡಿ. ಮಕ್ಕಳ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಬೇಡವೇ ಬೇಡ. ಮಗುವೊಂದು ತನಗಾದ ದೌರ್ಜನ್ಯವನ್ನು ಹೇಳಿಕೊಂಡರೆ ಅಡ್ಡಪ್ರಶ್ನೆ ಹಾಕದೆ ಕೇಳಿ, ಅಂದೇ ಮು­ಖ್ಯ ಶಿಕ್ಷಕರಿಗೆ ತಿಳಿಸಿ; ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಕರೆ ಮಾಡಬಹುದು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಯಾರೇ ಆಗಿರಲಿ, ಅದನ್ನು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ.

ಇನ್ನೊಂದು ಗೆರೆ ಕಾನೂನಿನಲ್ಲಿಲ್ಲ, ಆದರೆ ಅಷ್ಟೇ ಮುಖ್ಯವಾದದ್ದು. ತರಗತಿಯಲ್ಲಿ ಕಂಡದ್ದನ್ನು ಓಣಿಯಲ್ಲಿ ಹೇಳಬೇಡಿ. ಇಂಥವರ ಮಗ ನಾಲ್ಕನೆಯ ತರಗತಿಗೆ ಬಂದರೂ ಓದಲಾರ ಎಂಬ ಮಾತು ನಳದ ಹತ್ತಿರ ಒಮ್ಮೆ ಹೊರಬಿದ್ದರೆ ಆ ಹುಡುಗ ಪುಸ್ತಕವನ್ನೇ ಮುಟ್ಟದಂತಾಗಬಹುದು, ಅವನ ತಾಯಿ ಶಾಲೆಯ ಕಡೆ ಹಾಯದಂತಾಗಬಹುದು. ನಿಮ್ಮ ಸ್ವಂತ ಮಗುವಿನ ತರಗತಿಯ ಬದಲು ಬೇರೆ ತರಗತಿಯನ್ನು ಕೇಳಿ ತೆಗೆದುಕೊಳ್ಳುವುದು ಕೂಡ ಒಳ್ಳೆಯದು. ನನ್ನ ಕಿರಿಯ ಮಗಳು ನಾನು ಕೋಣೆಯಲ್ಲಿದ್ದಾಗಲೆಲ್ಲ ನನ್ನ ಮಡಿಲಿಗೇ ಬರುತ್ತಿದ್ದಳು; ಮಿಕ್ಕ ಮಕ್ಕಳು ಅದನ್ನು ನೋಡುತ್ತ ನಿಲ್ಲುತ್ತಿದ್ದರು. ತರಗತಿ ಬದಲಿಸಿಕೊಂಡ ಮೇಲೆ ಎಲ್ಲರಿಗೂ ನೆಮ್ಮದಿಯಾಯಿತು.

ಹೊಲ, ಹಬ್ಬ, ಸಂತೆ ನೋಡಿಕೊಂಡು ಪಟ್ಟಿ ಮಾಡಿ

ನಾವು ಆರಂಭಿಸಿದಾಗ ಹನ್ನೊಂದು ಜನ ಪಾಲಕರಿದ್ದೆವು. ಪಂಚಮಿ ಹಬ್ಬಕ್ಕೆ ತವರಿಗೆ ಹೋದವರಲ್ಲಿ ಕೆಲವರು ಮರಳಿ ಶಾಲೆಗೆ ಬರಲಿಲ್ಲ. ಹೊಲದಲ್ಲಿ ಹೆಸರುಕಾಳು ಬಿಡಿಸುವ ಹೊತ್ತಿಗೆ ಮೂವರು ಉಳಿದೆವು. ಅವರ ಮನಸ್ಸು ಕೆಟ್ಟಿರಲಿಲ್ಲ, ನಮ್ಮ ಪಟ್ಟಿ ಕೆಟ್ಟಿತ್ತು. ಕೂಲಿ ಬಿಟ್ಟು ಬರಲು ಯಾರನ್ನೂ ಕೇಳಬಾರದು. ಆಗಸ್ಟ್ ಕೊನೆಗೆ ಹೆಸರು, ನವೆಂಬರ್ ನಂತರ ಹತ್ತಿ, ಬ್ಯಾಡಗಿಯ ಸುತ್ತಮುತ್ತ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಬಿಡಿಸುವ, ತೊಟ್ಟು ತೆಗೆಯುವ ಕೆಲಸ ಇರುವಾಗ ಹೊಲಕ್ಕೆ ಹೋಗುವವರನ್ನು ಪಟ್ಟಿಯಿಂದ ಬಿಟ್ಟು, ಆ ತಿಂಗಳುಗಳನ್ನು ಮನೆಯಲ್ಲಿರುವ ಅಜ್ಜ-ಅಜ್ಜಿಯರಿಗೆ, ಅಂಗಡಿಕಾರರಿಗೆ, ಪಾಳಿಯಲ್ಲಿ ದುಡಿಯುವವರಿಗೆ ಕೊಡಿ. ಹುಬ್ಬಳ್ಳಿಯಂಥ ಊರಲ್ಲಿ ಆಟೋ ಓಡಿಸುವ ತಂದೆಯರಿಗೆ ಮುಂಜಾನೆಯ ಬಾಡಿಗೆ ಮುಗಿದ ಮೇಲೆ ಮಧ್ಯಾಹ್ನ ಒಂದು ತಾಸು ಸಿಗುತ್ತದೆ. ಅವರನ್ನು ಕೇಳುವವರೇ ಇರಲಿಲ್ಲ, ಕೇಳಿದಾಗ ಇಬ್ಬರು ಬಂದರು. ಸಂತೆಯ ದಿನವನ್ನು ಪಟ್ಟಿಯಲ್ಲಿ ಹಾಕಲೇಬೇಡಿ. ಒಂದೊಂದು ದಿನಕ್ಕೆ ಇಬ್ಬರ ಹೆಸರಿರಲಿ, ಒಬ್ಬರಿಗೆ ಅಡಚಣೆಯಾದರೆ ಇನ್ನೊಬ್ಬರು ಹೋಗುವಂತಿರಲಿ. ಬರಲಾಗದಿದ್ದರೆ ಹಿಂದಿನ ದಿನವೇ ಶಿಕ್ಷಕರಿಗೆ ಫೋನ್ ಮಾಡಿ ಹೇಳಿ, ಏಕೆಂದರೆ ನಿಮ್ಮನ್ನು ನಂಬಿ ಅವರು ಆ ತಾಸಿನ ಕೆಲಸವನ್ನು ಹಂಚಿಟ್ಟಿರುತ್ತಾರೆ, ಮತ್ತು ಬಾಗಿಲ ಕಡೆ ನೋಡುತ್ತ ಐದು ಮಕ್ಕಳು ಕೂತಿರುತ್ತಾರೆ.

ನೂರು ಪುಟದ ಒಂದು ನೋಟ್‌ಬುಕ್ ಸಾಕು ದಫ್ತರಕ್ಕೆ. ದಿನಾಂಕ, ಮಗುವಿನ ಹೆಸರು, ಓದಿದ ಪುಸ್ತಕ, ಎಡವಿದ ಎರಡು ಮೂರು ಪದಗಳು, ಇಷ್ಟನ್ನು ಅಲ್ಲಿಯೇ ಬರೆದು ನೋಟ್‌ಬುಕ್ಕನ್ನು ಶಾಲೆಯಲ್ಲಿಯೇ ಬಿಟ್ಟು ಬನ್ನಿ. ಅಂಕ, ದರ್ಜೆ, ಜಾಣ-ದಡ್ಡ ಎಂಬ ಯಾವ ಮಾತೂ ಅದರಲ್ಲಿ ಬೇಡ. ತಿಂಗಳಿಗೊಮ್ಮೆ ಅಕ್ಕೋರ ಜೊತೆ ಕೂತು ಅದನ್ನು ನೋಡಿದರೆ, ಯಾವ ಮಗುವನ್ನು ನಿಮ್ಮ ಪಟ್ಟಿಯಿಂದ ಬಿಡಬಹುದು, ಯಾರನ್ನು ಹೊಸದಾಗಿ ಸೇರಿಸಬೇಕು ಎಂಬುದನ್ನು ಅವರೇ ಹೇಳುತ್ತಾರೆ. ಏಪ್ರಿಲ್‌ನ ಬೇಸಿಗೆ ರಜೆಗೆ ಮುನ್ನ, ಮಾರ್ಚ್ ಕೊನೆಯ ವಾರದಲ್ಲಿ, ಪ್ರತಿ ಮಗು ಈಗ ಯಾವ ಪುಸ್ತಕವನ್ನು ಸರಾಗವಾಗಿ ಓದುತ್ತದೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದು, ಮುಂದಿನ ತರಗತಿಯನ್ನು ತೆಗೆದುಕೊಳ್ಳುವ ಶಿಕ್ಷಕರಿಗೆ ನೋಟ್‌ಬುಕ್ಕನ್ನು ಒಪ್ಪಿಸಿ, ಜೂನ್ ತಿಂಗಳ ಮೊದಲ ಎಸ್‌ಡಿಎಂಸಿ ಸಭೆಯ ವಿಷಯಪಟ್ಟಿಯಲ್ಲಿ ಠರಾವಿನ ನವೀಕರಣವನ್ನು ಸೇರಿಸಲು ಮುಖ್ಯ ಶಿಕ್ಷಕರಿಗೆ ಹೇಳಿ ಬನ್ನಿ.